ಡಿಸ್ಟ್ರಿಕ್ಟ್ ಅಂದ್ರ ಜಿಲ್ಲಾ

ನಮ್ಮ ಊರಿನಲ್ಲಿ ಮನೆಯ ಮುಂದಿನ ಕಸ ಒಯ್ಯುವುದು ಒಂದು ಸರ್ಕಾರ, ಒಯ್ದ ಕಸಕ್ಕೆ ಗತಿ ಕಾಣಿಸುವುದು ಇನ್ನೊಂದು ಸರ್ಕಾರ. ಮೊದಲನೆಯದು ಡಿಸ್ಟ್ರಿಕ್ಟ್ ಕೌನ್ಸಿಲ್, ಎರಡನೆಯದು ಕೌಂಟಿ ಕೌನ್ಸಿಲ್. ರಸ್ತೆ ಗುಡಿಸುವವರು ಡಿಸ್ಟ್ರಿಕ್ಟಿನವರು, ಅದೇ ರಸ್ತೆಯ ಗುಂಡಿ ಮುಚ್ಚಬೇಕಾದವರು ಕೌಂಟಿಯವರು. ಕೊವೆಂಟ್ರಿಗೂ ಲೆಸ್ಟರ್‌ಗೂ ನಡುವೆ ಇರುವ ಈ ಸಣ್ಣ ಊರಿಗೆ ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಇದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ಗುಂಡಿಯ ಬಗ್ಗೆ ಡಿಸ್ಟ್ರಿಕ್ಟಿಗೆ, ಕಸದ ಬಗ್ಗೆ ಕೌಂಟಿಗೆ ಫೋನು ಮಾಡಿ ಬೈಸಿಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದೆಂದರೆ ಈ ದೇಶದ ರೀತಿಯಲ್ಲಿ. ಇಲ್ಲಿಯವರು 'ಸಾರಿ' ಎನ್ನುವ ದನಿಯಲ್ಲೇ ಬೈಗುಳವೆಲ್ಲ ಇರುತ್ತದೆ. ನಾನು ಮೊದಲೇ ಸಿಡುಕಿ. ಒಂದು ದಿನ ತಡೆಯಲಾರದೆ ಕಸದ ಚೀಲವನ್ನೇ ಹಿಡಿದುಕೊಂಡು ಡಿಸ್ಟ್ರಿಕ್ಟ್ ಕಚೇರಿಗೆ ಹೋಗಿ ಕೌಂಟರಿನ ಮುಂದೆ ನಿಂತೆ.

ಕೌಂಟರಿನ ಹಿಂದೆ ನನ್ನಷ್ಟೇ ವಯಸ್ಸಿನ, ಗುಂಗುರು ಕೂದಲಿನ ಒಬ್ಬ ಹೆಂಗಸು. ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ "ಕೂತ್ಕೋ ಮೀ ಡಕ್" ಅಂದಳು. ಮೀ ಡಕ್ ಅಂದರೆ ನನ್ನ ಬಾತುಕೋಳಿ. ಲೆಸ್ಟರ್ ಕಡೆಯವರು ಪ್ರೀತಿಯಿಂದ ಎಲ್ಲರನ್ನೂ ಹೀಗೆ ಕರೆಯುತ್ತಾರೆಂದು ನನಗೇನು ಗೊತ್ತು? ಜಗಳಕ್ಕೆ ಸಿದ್ಧಳಾಗಿ ಬಂದವಳು, ಈ ಅವಮಾನವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು ಕೂತೆ. ಅವಳು ಒಂದು ಹಾಳೆಯ ಮೇಲೆ ಎರಡು ಚೌಕ ಬರೆದು, ಯಾವ ಕೆಲಸ ಯಾರದು ಎಂದು ಮಗುವಿಗೆ ಹೇಳುವ ಹಾಗೆ ಹೇಳಿಕೊಟ್ಟಳು. ಹೊರಡುವಾಗ, ಹೆಸರೇನು, ಮನೆ ಎಲ್ಲಿ ಎಂದು ಕೇಳಿ, "ಅಯ್ಯೋ, ನಮ್ಮ ಕಮ್ಯುನಿಟಿ ಹಾಲ್ ಎದುರಿಗೇ ಇದ್ದೀಯಲ್ಲ!" ಅಂದಳು. ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದ ಮೊದಲ ವ್ಯಕ್ತಿ ಅವಳೇ.

ಆ ಹಾಲ್ ಡಿಸ್ಟ್ರಿಕ್ಟಿನದು. ರಸ್ತೆ ದಾಟಿದರೆ ಬಂತು. ಕೆಂಪು ಇಟ್ಟಿಗೆಯ ತಗ್ಗು ಕಟ್ಟಡ, ಒಳಗೆ ಮರದ ನೆಲ, ನೆಲದ ಮೇಲೆ ಬ್ಯಾಡ್ಮಿಂಟನ್ನಿನ ಮಾಸಿದ ಗೆರೆ, ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿಗಳು. ಹಿಂದುಗಡೆ ಒಂದು ಅಡುಗೆಮನೆ. ಮನೆಯಲ್ಲಿ ಜೋಳದ ರೊಟ್ಟಿ ಸುಟ್ಟರೆ ಹೊಗೆಯ ಅಲಾರ್ಮ್ ಬಾಯಿ ಬಡಿದುಕೊಳ್ಳುತ್ತಿತ್ತು. ಆ ಅಡುಗೆಮನೆಯ ದೊಡ್ಡ ಕಿಟಕಿ ತೆರೆದಿಟ್ಟರೆ ಎಷ್ಟು ರೊಟ್ಟಿ ಬಡಿದರೂ ಕೇಳುವವರಿಲ್ಲ. ತಿಂಗಳಿಗೊಂದು ಶನಿವಾರ ಸುತ್ತಲಿನ ಕನ್ನಡದವರೆಲ್ಲ ಅಲ್ಲಿ ಸೇರತೊಡಗಿದ್ದಕ್ಕೆ ನಿಜವಾದ ಕಾರಣ ಭಾಷೆಯ ಪ್ರೇಮವಲ್ಲ, ಆ ಕಿಟಕಿ.

ಸೊಲಿಹಲ್‌ನಿಂದ ದೊಡ್ಡ ಕಾರುಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರಿನವರು ಬರುತ್ತಿದ್ದರು, ಕೊವೆಂಟ್ರಿಯಿಂದ ಬಸ್ಸಿನಲ್ಲಿ ವಿದ್ಯಾರ್ಥಿಗಳು ಬರುತ್ತಿದ್ದರು, ಆಸ್ಪತ್ರೆಯ ರೋಟಾ, ಅಂದರೆ ಪಾಳಿಯ ಪಟ್ಟಿ, ನೋಡಿಕೊಂಡು ನಮ್ಮ ಕಡೆಯ ಡಾಕ್ಟರುಗಳು ಬರುತ್ತಿದ್ದರು. ನನ್ನ ಗಂಡನೂ ಡಾಕ್ಟರು, ನಾನು ಅದೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ. ನಮ್ಮ ಕಡೆಯವರು 'ಮಾಡ್ಯಾರ' ಎಂದು ಶುರು ಮಾಡಿ, ಎದುರಿಗೆ ಬೆಂಗಳೂರಿನವರು ನಿಂತಿದ್ದನ್ನು ನೋಡಿ, 'ಮಾಡಿದ್ದಾರೆ' ಎಂದು ಮುಗಿಸುತ್ತಿದ್ದರು. ಮಕ್ಕಳು ಎರಡನ್ನೂ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನನ್ನ ಮಗಳು ಅಂಬೆಗಾಲಿಟ್ಟಿದ್ದು, ಬಿದ್ದು ಹಲ್ಲು ಮುರಿದುಕೊಂಡಿದ್ದು, ಕೋಲಾಟದಲ್ಲಿ ತನ್ನ ಕೋಲನ್ನು ಪಕ್ಕದವಳ ತಲೆಗೆ ಹೊಡೆದಿದ್ದು, ಎಲ್ಲ ಆ ಮರದ ನೆಲದ ಮೇಲೆ. ಈಗಲೂ ಎಲ್ಲಾದರೂ ಮರದ ನೆಲಕ್ಕೆ ಹಚ್ಚುವ ಪಾಲಿಶಿನ ವಾಸನೆ ಬಂದರೆ ಅದರ ಹಿಂದೆಯೇ ನನಗೆ ಪುಂಡಿಪಲ್ಯದ ವಾಸನೆ ಬರುತ್ತದೆ. ಅಂಥ ದಿನಗಳು ಮತ್ತೆ ಬೇಕು ಅನ್ನಿಸುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಬೇಕು ಅನ್ನಿಸುತ್ತದೆ.

ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಇಳಕಲ್ ಸೀರೆ, ಅದರ ಮೇಲೆ ಮಗನ ಹಳೆಯ ಸ್ವೆಟರ್, ಕಾಲಿಗೆ ಮೊಮ್ಮಗಳು ಬಿಟ್ಟ ಓಟದ ಬೂಟು, ಹಣೆಗೆ ವಿಭೂತಿ. ಹೀಗೆ ತಯಾರಾಗಿ ಅವರು ಕಿಟಕಿಯಲ್ಲಿ ನಿಂತರೆ ಪೋಸ್ಟಿನವನು ಬೆಚ್ಚಿಬಿದ್ದು ಕೈ ಬೀಸಿ ಹೋಗುತ್ತಿದ್ದ. ಎಲ್ಲಿಗೆ ಹೋಗಬೇಕಾದರೂ ಅವರಿಗೆ ನಮ್ಮಿಬ್ಬರಲ್ಲಿ ಒಬ್ಬರ ಕಾರು ಬೇಕು. ಜಿಪಿ ಎಂದು ಇಲ್ಲಿ ಕರೆಯುವ ಡಾಕ್ಟರ ಹತ್ತಿರ, ಗುಡಿಗೆ, ಲೆಸ್ಟರಿನ ಕಾಯಿಪಲ್ಯೆ ಅಂಗಡಿಗೆ, ಎಲ್ಲಕ್ಕೂ "ನಿನಗ ಟೈಮ್ ಐತೇನವ್ವಾ?" ಎಂದು ಕೇಳಬೇಕು. ಕೇಳುವುದು ಅವರಿಗೆ ಆಗಿಬರುತ್ತಿರಲಿಲ್ಲ. ಯಾರನ್ನೂ ಕೇಳದೆ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ತೆಗೆದು ಹೋಗಬಹುದಾಗಿದ್ದ ಜಾಗ ಈ ದೇಶದಲ್ಲಿ ಅವರಿಗೆ ಒಂದೇ ಒಂದು ಇತ್ತು. ಅದು ಎದುರಿನ ಹಾಲ್.

ಹಾಲಿನ ಕೀಲಿ ಎದುರು ಮನೆಯವರ ಹತ್ತಿರ ಒಂದಿರಲಿ ಎಂದು ಕೌಂಟರಿನ ಗೆಳತಿ ಅದನ್ನು ನಮಗೆ ಕೊಟ್ಟಿದ್ದಳು. ಅಡುಗೆಮನೆಯ ಮೊಳೆಗೆ ತೂಗುತ್ತಿದ್ದ ಅದು, ಅತ್ತೆ ಬಂದ ವಾರದಲ್ಲೇ ಅವರ ಸೆರಗಿನ ತುದಿಯ ಗಂಟಿಗೆ ಹೋಯಿತು. ಮಂಗಳವಾರ ಡಿಸ್ಟ್ರಿಕ್ಟಿನವರು ಊರಿನ ವಯಸ್ಸಾದವರಿಗೆ ಅಲ್ಲಿ ಮಧ್ಯಾಹ್ನದ ಊಟ ಹಾಕುತ್ತಿದ್ದರು. ಅತ್ತೆ ಮೊದಲ ಮಂಗಳವಾರ ಊಟಕ್ಕೆ ಹೋದರು, ಎರಡನೆಯ ಮಂಗಳವಾರ ಉಪ್ಪು ಸಾಲದೆಂದು ಅಡುಗೆಮನೆಗೆ ನುಗ್ಗಿದರು, ಆಮೇಲೆ ಹೊರಗೆ ಬರಲೇ ಇಲ್ಲ. ಇಂಗ್ಲಿಷಿನ ಮುದುಕಿಯರು ಸಾಲಾಗಿ ನಿಂತು ರೊಟ್ಟಿ ಬಡಿಯಲು ಕಲಿತರು. ಅತ್ತೆಗೆ ಇಂಗ್ಲಿಷು ಬರದು, ಅವರಿಗೆ ಕನ್ನಡ ಬರದು. ಅತ್ತೆ ಮಾತ್ರ ಯಾರಿಗಾಗಿಯೂ ತಮ್ಮ ಕನ್ನಡ ಬದಲಿಸಲಿಲ್ಲ. ಬೆಂಗಳೂರಿನವರಿಗಾಗಿಯೂ ಇಲ್ಲ, ಇಂಗ್ಲಿಷಿನವರಿಗಾಗಿಯೂ ಇಲ್ಲ. "ಹಂಗಲ್ಲಬೇ, ಹಿಂಗ" ಎಂದು ಅವರ ಬೆಳ್ಳನೆಯ ಕೈ ಹಿಡಿದು ಹಿಟ್ಟಿನ ಮೇಲೆ ಒತ್ತುತ್ತಿದ್ದರು.

ಅತ್ತೆಯ ಈ ಅಧಿಕಾರದ ಗತ್ತಿಗೆ ಒಂದು ಹಿನ್ನೆಲೆ ಇದೆ. ಅವರು ಒಂದು ಕಾಲಕ್ಕೆ ಮಂಡಲ ಪಂಚಾಯಿತಿಯ ಸದಸ್ಯೆ. ರೋಣ ತಾಲೂಕಿನ ಅವರ ಊರಿನ ಸೀಟು ಹೆಂಗಸರಿಗೆ ಮೀಸಲಾದಾಗ, ಮಾವನವರನ್ನು ನಿಲ್ಲಿಸಲು ಆಗದೆ ಅತ್ತೆಯನ್ನು ನಿಲ್ಲಿಸಿದರು. ಮೊದಲ ಸಭೆಗೆ ಮಾವನವರೂ ಜೊತೆಗೆ ಹೋಗಿ ಪಕ್ಕದಲ್ಲಿ ಕೂತರಂತೆ. ಎರಡನೆಯ ಸಭೆಗೆ ಅತ್ತೆ, "ನೀವು ಮನ್ಯಾಗ ಇರ್ರಿ, ಎಮ್ಮಿ ಹಿಂಡೋ ಹೊತ್ತು" ಎಂದು ಹೇಳಿ ಒಬ್ಬರೇ ಹೋದರಂತೆ. ಹೆಂಗಸರು ಕತ್ತಲಲ್ಲಿ ಬಯಲಿಗೆ ಹೋಗುವ ದಾರಿಗೆ ದೀಪದ ಕಂಬ ಬೇಕೆಂದು ಅವರು ಹಟ ಹಿಡಿದರು. ಮಂಡಲದಲ್ಲಿ ಎಲ್ಲರೂ ಹೂಂ ಅಂದರು, ಕಾಗದ ಜಿಲ್ಲೆಗೆ ಹೋಯಿತು, ಅಲ್ಲೇ ಕೂತಿತು. ಅತ್ತೆ ಧಾರವಾಡಕ್ಕೆ ಬಸ್ಸು ಹಿಡಿದು ಹೋಗಿ, ಸಾಹೇಬರ ಕೋಣೆಯ ಹೊರಗೆ ಬುತ್ತಿ ಬಿಚ್ಚಿ ಉಂಡು, ಅಲ್ಲೇ ಕೂತು, ಕಂಬ ತಂದರು. ಅಂದಿನಿಂದ ಅವರ ಮಾತಿನಲ್ಲಿ 'ಜಿಲ್ಲಾದವರು' ಎಂಬುದು ಬೈಗುಳ. ಅಡ್ಡಗಾಲು ಹಾಕುವ ಯಾರೇ ಆಗಲಿ, ನನ್ನ ಗಂಡನೇ ಆಗಲಿ, "ಜಿಲ್ಲಾದವ್ರಂಗ ಮಾಡಬ್ಯಾಡ" ಅನ್ನಿಸಿಕೊಳ್ಳುತ್ತಿದ್ದ.

ಆಮೇಲೆ ಒಂದು ದಿನ ಅವರು ಸಭೆಯೆಂದು ಹೋದರೆ ಮಂಡಲದ ಕಚೇರಿಗೆ ಬೀಗ. ಸಿಪಾಯಿ ಬೇವಿನ ನೆರಳಿನಲ್ಲಿ ಕೂತು, "ಮಂಡಲ ಹೋತ್ರಿ ಅಕ್ಕಾರ" ಅಂದನಂತೆ. ಹೋತು ಅಂದರೆ ಎಲ್ಲಿಗೆ, ಯಾಕೆ, ಯಾರು ಕಳಿಸಿದರು, ಅವನಿಗೂ ಗೊತ್ತಿಲ್ಲ. ಆಮೇಲೆ ಬೇರೆ ಹೆಸರಿನ, ಬೇರೆ ಎಲ್ಲೆಯ ಪಂಚಾಯಿತಿಗಳು ಬಂದವು, ಅವುಗಳಲ್ಲಿ ಅತ್ತೆ ಇರಲಿಲ್ಲ. ಇನ್ನಷ್ಟು ವರ್ಷಕ್ಕೆ ಧಾರವಾಡ ಜಿಲ್ಲೆಯವರಾಗಿದ್ದವರು ಕುಳಿತಲ್ಲೇ ಗದಗ ಜಿಲ್ಲೆಯವರಾದರು. ಊರಿಗೆಲ್ಲ ಅದರಿಂದ ಸಂತೋಷವೇ ಆಯಿತು, ಕಚೇರಿ ಹತ್ತಿರ ಬಂತಲ್ಲ. ಅತ್ತೆಗೂ ಗದಗಿನ ಮೇಲೆ ದ್ವೇಷವೇನಿಲ್ಲ. ಅವರ ಸಂಕಟ ಬೇರೆಯದು. "ಮಾಡೋದು ಮಾಡ್ಲಿ, ಮನಿ ಮಂದೀನ ಒಂದು ಮಾತು ಕೇಳಬೇಕೋ ಬ್ಯಾಡೋ? ಗ್ವಾಡಿ ಸರಿಸೂ ಮುಂದ ಒಳಗಿದ್ದವ್ರಿಗೆ ಹೇಳ್ತಾರಿಲ್ಲೋ?" ಈ ಮಾತನ್ನು ನಾನು ಮದುವೆಯಾದ ವರ್ಷದಿಂದ ಕೇಳುತ್ತ ಬಂದಿದ್ದೇನೆ. ಮೊದಮೊದಲು ಬೇಸರ ಬರುತ್ತಿತ್ತು, ಆಮೇಲೆ ಅದು ಮನೆಯ ಗಡಿಯಾರದ ಸದ್ದಿನ ಹಾಗೆ ಆಗಿಬಿಟ್ಟಿತು.

ಇಷ್ಟಾಗಿ, ನಮ್ಮ ಕೌಂಟಿಯಲ್ಲಿ ಎರಡೆರಡು ಸರ್ಕಾರ ಯಾಕೆ, ಡಿಸ್ಟ್ರಿಕ್ಟುಗಳನ್ನೆಲ್ಲ ತೆಗೆದು ಇಡೀ ಕೌಂಟಿಗೆ ಒಂದೇ ಕೌನ್ಸಿಲ್ ಮಾಡೋಣ ಎಂಬ ಮಾತು ಎದ್ದಿತು. ನಮ್ಮ ಡಿಸ್ಟ್ರಿಕ್ಟಿನವರು, ಜನರನ್ನು ಕೇಳದೆ ಇದು ಆಗಬಾರದೆಂದು, ಪೋಸ್ಟಿನಲ್ಲಿ ಎಲ್ಲ ಮತದಾರರಿಗೂ ಮತಪತ್ರ ಕಳಿಸಿದರು. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನೆಲೆಸಿದ ನಮ್ಮಂಥವರಿಗೆ ಓಟು ಇದೆ. ಕಾಮನ್‌ವೆಲ್ತಿನ ಹಳೆಯ ಸಂಬಂಧ. ಅತ್ತೆಯ ಹೆಸರಿನ ಲಕೋಟೆಯೂ ಬಂತು. ಅದರೊಳಗೆ ಏನಿದೆಯೆಂದು ಮೊಮ್ಮಗಳು ಹೇಳಿದಾಗ ಅತ್ತೆ ಹಿಡಿದಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

"ನನ್ನ ಕೇಳ್ಯಾರ?" ಅಂದರು.

"ಯೆಸ್ ಅಜ್ಜಿ. ಎವ್ರಿಬಡಿ."

"ಸರಕಾರ ಹೆಂಗಿರಬೇಕಂತ ನನ್ನ ಕೇಳ್ಯಾರ?"

ಆ ದಿನ ಅವರ ಮುಖ ನೋಡಬೇಕಿತ್ತು. ತಲೆಗೆ ನೀರು ಹಾಕಿಕೊಂಡು, ಪೂಜೆ ಮಾಡಿ, ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಉಟ್ಟರು. ಅಡುಗೆಮನೆಯ ಮೇಜಿನ ಮುಂದೆ ಕೂತು ಓಟು ಹಾಕುವುದಕ್ಕೆ! ನಾನು ನಗುತ್ತ ಆಸ್ಪತ್ರೆಗೆ ಹೊರಟೆ, ಆ ವಾರದ ರೋಟಾದಲ್ಲಿ ಶನಿವಾರವೂ ನನ್ನ ಹೆಸರಿತ್ತು. ಮಗಳಿಗೆ ಆಗ ತಾನೆ ಓಟಿನ ವಯಸ್ಸು ಬಂದಿತ್ತು. ಅವಳು ಅಜ್ಜಿಗೆ ಪ್ರಶ್ನೆಯನ್ನು ತನ್ನ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು: ಡಿಸ್ಟ್ರಿಕ್ಟ್ ತೆಗೆಯಬೇಕು ಅಂದರೆ ಯೆಸ್, ಬೇಡ ಅಂದರೆ ನೋ. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅತ್ತೆಯೂ ಒಂದಕ್ಷರ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವಳನ್ನು ಕೋಣೆಯಿಂದ ಹೊರಗೆ ಕಳಿಸಿ, ಗುಪ್ತ ಮತದಾನ ಎಂದು ಬಾಗಿಲು ಹಾಕಿಕೊಂಡು, ಗುರುತು ಹಾಕಿ, ಲಕೋಟೆಗೆ ತಾವೇ ಅಂಟು ಹಚ್ಚಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಓಟಿನ ಮಾತಾಗಿತ್ತು. ಆ ಮಧ್ಯಾಹ್ನ ಹಾಲಿನಲ್ಲಿ ತಿಂಗಳ ಕೂಟ. ನಮ್ಮ ಊರಿನಲ್ಲೇ ಮಕ್ಕಳ ಜೊತೆ ಇದ್ದ ಏಳೆಂಟು ಜನ ಹಿರಿಯರನ್ನು ಅಡುಗೆಮನೆಗೆ ಕರೆದು ಅತ್ತೆ ತಿಳಿಸಿ ಹೇಳಿದರಂತೆ. ಅವರಿಗೂ ಲಕೋಟೆ ಬಂದಿತ್ತು, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇವರಾದರೋ ಆರಿಸಿ ಬಂದು ಆಳಿದವರು. ಎಲ್ಲರೂ ಅವರು ಹೇಳಿದ ಹಾಗೇ ಹಾಕಿದರು.

ವಿಷಯ ಬಯಲಾದದ್ದು ಮುಂದಿನ ತಿಂಗಳ ಕೂಟದಲ್ಲಿ. ಕೊವೆಂಟ್ರಿಯ ಕಾರಿನ ಕಾರ್ಖಾನೆಯಿಂದ ನಿವೃತ್ತರಾದ, ಮೈಸೂರು ಕಡೆಯ ಒಬ್ಬ ಎಂಜಿನಿಯರು ನಮ್ಮಲ್ಲಿಗೆ ಬರುತ್ತಿದ್ದರು. ಅವರದು ಬೇರೆ ಕೌನ್ಸಿಲ್, ಈ ಓಟು ಅವರಿಗಿಲ್ಲ. ತಟ್ಟೆ ಹಿಡಿದು ರೊಟ್ಟಿಗೆ ನಿಂತವರು, ಹೇಗೆ ಹಾಕಿದಿರಿ ಎಂದು ಸುಮ್ಮನೆ ಕೇಳಿದರು. ನಾನು ಪಕ್ಕದಲ್ಲಿ ಬದನೆಕಾಯಿ ಪಲ್ಯ ಬಡಿಸುತ್ತಿದ್ದೆ.

"ಜಿಲ್ಲಾ ತೆಗೀರಿ ಅಂತ ಹಾಕೀವಿ ನೋಡ್ರಿ," ಅತ್ತೆ ರೊಟ್ಟಿ ತಿರುವಿ ಹಾಕುತ್ತ ಹೇಳಿದರು. "ನಾವೆಲ್ಲಾರೂ. ಮ್ಯಾಲ ಕುಂತು ಕಾಗದ ಹಿಡಕೊಂಡು ಆಟ ಆಡಸ್ತಾರಲ್ಲ, ಅವರದು ಸಾಕು. ನಮ್ಮ ಊರಿಂದು ನಮ್ಮ ಊರಾಗ ಇರ್ಲಿ."

ಎಂಜಿನಿಯರು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಅಮ್ಮ, ಯೆಸ್ ಅಂತ ಹಾಕಿದ್ರಾ?"

"ಹೂಂ ಮತ್ತ. ಡಿಸ್ಟ್ರಿಕ್ಟ್ ತೆಗೀಬೇಕಾ ಅಂತ ಕೇಳ್ಯಾರ. ಡಿಸ್ಟ್ರಿಕ್ಟ್ ಅಂದ್ರ ಜಿಲ್ಲಾ."

"ಅಯ್ಯೋ, ಇಲ್ಲಿ ಹಾಗಲ್ಲಮ್ಮ. ಇಲ್ಲಿ ಕೌಂಟಿ ಅಂದ್ರೇನೇ ನಮ್ಮ ಜಿಲ್ಲೆ. ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ತಾಲ್ಲೂಕು ಇದ್ದ ಹಾಗೆ. ನೀವು ತೆಗೀರಿ ಅಂದಿದ್ದು ಈ ಊರಿನ ಆಫೀಸನ್ನ. ಈ ಹಾಲ್ ಇದ್ಯಲ್ಲ, ಇದರ ಯಜಮಾನರನ್ನೇ."

ನಾನು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತೆ. ಅವರ ಮಾತು ಸರಿಯೆಂದು ನನಗೆ ತಕ್ಷಣ ಹೊಳೆಯಿತು. ನಮ್ಮ ಕಡೆಯ ಯಾವ ಶಾಲೆಯಲ್ಲಿ ಕಲಿತವರಿಗಾದರೂ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯೇ, ಇನ್ನೊಂದು ಅರ್ಥ ಯಾಕೆ ಬರಬೇಕು? ನಗು ಬಂದಿತ್ತು. ಅತ್ತೆಯ ಮುಖ ನೋಡಿ ಅದನ್ನು ನುಂಗಿಕೊಂಡೆ. ಅವರು ಉಳಿದ ಹಿಟ್ಟನ್ನೆಲ್ಲ ರೊಟ್ಟಿ ಮಾಡಿ ಮುಗಿಸಿದರು. ಒಂದೂ ಸುಡಲಿಲ್ಲ, ಒಂದೂ ಹರಿಯಲಿಲ್ಲ. ಮನೆಗೆ ಬಂದು ಸೋಫಾದ ಮೇಲೆ ಕೂತ ಮೇಲೆ ಹೇಳಿದರು, "ನಂದೊಂದೇ ಆಗಿದ್ರ ಹೋಗ್ಲಿ ಅಂತಿದ್ದೆ. ನನ್ನ ಮಾತು ಕೇಳಿ ಉಳದವ್ರೂ ಹಾಕ್ಯಾರ."

ಮರುದಿನದಿಂದ ಅವರು ಎಲ್ಲರಿಗೂ ಫೋನು ಮಾಡಿ ತಪ್ಪೊಪ್ಪಿಕೊಂಡರು. ಆಮೇಲೆ ಡಿಸ್ಟ್ರಿಕ್ಟ್ ಕಚೇರಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರು. ಎಣಿಕೆ ಇನ್ನೂ ಆಗಿಲ್ಲವಲ್ಲ, ತಮ್ಮ ಲಕೋಟೆ ಹುಡುಕಿ ವಾಪಸು ಕೊಡಲಿ, ಇದು ಅವರ ವಾದ. ಆಗುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೋದೆವು. ಅದೇ ಕೌಂಟರು, ಅದೇ ಗೆಳತಿ. ಗುಂಗುರು ಕೂದಲು ಈಗ ಅರ್ಧ ಬೆಳ್ಳಗಾಗಿತ್ತು. ಅವಳು ಎಲ್ಲವನ್ನೂ ಕೇಳಿ, ಮುಚ್ಚಿದ ಲಕೋಟೆ ಮುಚ್ಚಿದ್ದೇ, ಯಾರೂ ಏನೂ ಮಾಡಲು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು.

ಅತ್ತೆ ನನ್ನ ಕಡೆ ತಿರುಗಿ ಹೇಳಿದರು, "ಹಂಗಾರ ಇಷ್ಟು ಹೇಳು ಆಕಿಗೆ. ನಿನ್ನ ಕೆಲಸ ತೆಗೀರಿ ಅಂತ ನಾ ಹಾಕೀನಿ. ತಿಳೀಲಾರದ ಹಾಕೀನಿ, ಖರೆ. ಆದ್ರ ನೀ ಕೀಲಿ ಕೊಟ್ಟಾಕಿ, ನಿನಗ ಗೊತ್ತಿರಬೇಕು."

ಇದನ್ನು ಹೇಗೆ ಹೇಳುವುದೆಂದು ತಡವರಿಸಿದೆ. ಅತ್ತೆ ನನ್ನ ಮೊಣಕೈ ತಿವಿದರು. ಹೇಳಿದೆ. ಅವಳು ಕೌಂಟರಿನ ಪಕ್ಕದ ಬಾಗಿಲು ತೆಗೆದು ಈಚೆಗೆ ಬಂದು, ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ನನ್ನ ಗಂಡನೂ ಯೆಸ್ ಅಂತಲೇ ಹಾಕಿದಾನೆ, ಮೀ ಡಕ್," ಅಂದಳು. "ಅವನು ತಿಳಿದೇ ಹಾಕಿದಾನೆ."

ನಾನು ಕನ್ನಡದಲ್ಲಿ ಹೇಳಿದ ಮೇಲೆ ಅತ್ತೆ ಮೊದಲು ಬೆಚ್ಚಿದರು, ಆಮೇಲೆ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಜೋರಾಗಿ ನಕ್ಕರು. ಕೌನ್ಸಿಲ್ ಟ್ಯಾಕ್ಸಿನ ವಿಚಾರ ಕೇಳಲು ಬಂದು ಸಾಲಿನಲ್ಲಿ ನಿಂತಿದ್ದವರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಫಲಿತಾಂಶ ಬಂತು. ನಮ್ಮ ಡಿಸ್ಟ್ರಿಕ್ಟಿನ ಜನ ದೊಡ್ಡ ಸಂಖ್ಯೆಯಲ್ಲಿ ನೋ ಅಂದಿದ್ದರು. ನಮ್ಮ ಹಾಲಿನ ಹಿರಿಯರ ಓಟು ಯಾವ ಮೂಲೆಗೂ ಸಾಕಾಗಿರಲಿಲ್ಲ. ತಾವು ಸೋತ ಚುನಾವಣೆಗೆ ಗೋಧಿ ಹುಗ್ಗಿ ಮಾಡಿ ಬಡಿಸಿದವರನ್ನು ನಾನು ಬೇರೆಲ್ಲೂ ನೋಡಿಲ್ಲ. "ನಾ ಸೋತೆ, ಶಿವಾ, ನಾ ಸೋತೆ" ಎಂದು ಅತ್ತೆ ತುಪ್ಪ ಸುರಿದರು. ಮುಂದಿನ ಮಂಗಳವಾರ ಇಂಗ್ಲಿಷಿನ ಮುದುಕಿಯರಿಗೂ ಅದೇ ಹುಗ್ಗಿ. ಆ ಕೆಲವು ತಿಂಗಳು ಅವರು ಮತ್ತೆ ಮಂಡಲದ ದಿನಗಳ ಹೆಂಗಸಾಗಿದ್ದರು. ಹಾಲ್‌ನ ಅಡುಗೆಮನೆಯ ನಲ್ಲಿ ಸೋರುತ್ತದೆಂದು ಕಚೇರಿಗೆ ನನ್ನಿಂದ ಫೋನು ಮಾಡಿಸುವರು, ಹೊರಗೆ ಕೂರಲು ಬೆಂಚು ಬೇಕೆನ್ನುವರು. ಬೆಂಚೂ ಬಂತು. ಅದರ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅವರ ಚಿತ್ರ ನನ್ನ ಕಣ್ಣಿನಲ್ಲಿ ಹಾಗೇ ಇದೆ.

ಆಮೇಲೆ ಲಂಡನ್ನಿನಲ್ಲಿ ತೀರ್ಮಾನವಾಯಿತು. ಡಿಸ್ಟ್ರಿಕ್ಟುಗಳು ಹೋಗುತ್ತವೆ, ಕೌಂಟಿಗೆಲ್ಲ ಒಂದೇ ಕೌನ್ಸಿಲ್. ಸಂಜೆ ಚಹಾ ಕುಡಿಯುತ್ತಿದ್ದಾಗ ಮಗಳು ಫೋನಿನಲ್ಲಿ ನೋಡಿ ಹೇಳಿದಳು. ಅತ್ತೆಗೆ ಅರ್ಥವಾಗಲಿಲ್ಲ. ನಾವು ನೋ ಅಂದೆವಲ್ಲ, ಎಣಿಸಿದರಲ್ಲ ಎಂದು ಕೇಳಿದರು. ಮಗಳು, "ಇಟ್ ವಾಸ್ ಓನ್ಲಿ ಅಡ್ವೈಸರಿ, ಅಜ್ಜಿ" ಎಂದಳು. ನಾನು ಕನ್ನಡಕ್ಕೆ ತಂದೆ: ಅದು ಬರೀ ಸಲಹೆ, ಅತ್ತಿ, ಕೇಳಲೇಬೇಕು ಅಂತ ಏನಿಲ್ಲ.

"ನಾ ಸಲಹೆ ಕೊಟ್ಟಿಲ್ಲ," ಅತ್ತೆ ಹೇಳಿದರು. "ಓಟು ಹಾಕೀನಿ."

ಚಹಾ ಆರುತ್ತಿತ್ತು. ಅವರು ಬೈಯುತ್ತಾರೆಂದು ನಾನು ಕಾದೆ. ಮಂಡಲ ಹೋದದ್ದಕ್ಕೆ ಇಷ್ಟು ವರ್ಷ ಬೈದವರು ಇದಕ್ಕೆ ಸುಮ್ಮನಿರುತ್ತಾರೆಯೇ? ಒಳಗೊಳಗೇ ನನಗೆ ಅದು ಬೇಕೂ ಆಗಿತ್ತು, ಯಾರಾದರೂ ನನ್ನ ಪರವಾಗಿ ಬೈಯಲಿ ಎಂದು. ಅವರು ದನಿ ಏರಿಸಲಿಲ್ಲ.

"ಮಂಡಲ ತೆಗದವ್ರು ನಮ್ಮನ್ನ ಕೇಳಲಿಲ್ಲ. ನಾವು ಏನಂತೀವಿ ಅನ್ನೂದು ಅವರಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು," ಅಂದರು. ಚಹಾದ ಕಪ್ಪು ದೂರ ಸರಿಸಿ, "ಅವರ ಮ್ಯಾಲ ನನಗ ಸಿಟ್ಟು ಬರತಿತ್ತು. ಇವರ ಮ್ಯಾಲ ಸಿಟ್ಟು ಸುದ್ದಾ ಬರವಲ್ದು" ಅಂದರು.

ಆಮೇಲೆ, ಏನೋ ನೆನಪಾದ ಹಾಗೆ, ಮೊಮ್ಮಗಳ ಕಡೆ ತಿರುಗಿ, "ಹಂಗ ನೋಡಿದ್ರ ನಾ ತಪ್ಪಿ ತೆಗೀರಿ ಅಂತ ಹಾಕಿದ್ದ ಓಟಿನ ಮಾತಷ್ಟ ಅವರು ಕೇಳ್ಯಾರ" ಎಂದರು. ಮಗಳು ನಕ್ಕಳು, ಅಜ್ಜಿ ತಮಾಷೆ ಮಾಡಿದರೆಂದು.

ಬದಲಾವಣೆ ಬಂದದ್ದು ಗದ್ದಲವಿಲ್ಲದೆ. ಕೌಂಟರು ಮುಚ್ಚಿತು, ಈಗ ಒಂದು ಫೋನ್ ನಂಬರು, ಅದರಲ್ಲಿ ಕಾಯಿಸುವ ಸಂಗೀತ. ಗೆಳತಿ ಮುಂಚಿತವಾಗಿಯೇ ನಿವೃತ್ತಿ ತೆಗೆದುಕೊಂಡಳು. ಅವಳ ಕೊನೆಯ ವಾರ ಅತ್ತೆ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಅವಳ ಕೈಯಲ್ಲಿಟ್ಟರು. ಅವಳು ಬೇಡ, ನೆನಪಿಗೆ ಇಟ್ಟುಕೋ ಅಂದಳು. ಬೀಗ ಬದಲಾದ ಮೇಲೆ ಬಾಗಿಲು ತೆಗೆಯದ ಕೀಲಿ ತಮಗೇಕೆ ಎಂದು ಅತ್ತೆ ಕೇಳಿದರು, ನಾನು ಅದನ್ನು ಅನುವಾದಿಸಲಿಲ್ಲ. ಹಾಲಿನ ಬಾಗಿಲಿಗೆ ಅಂಕಿ ಒತ್ತುವ ಬೀಗ ಬಂತು, ಮಂಗಳವಾರದ ಊಟ ನಿಂತಿತು. ಅಡುಗೆಮನೆಯ ವಿಷಯ ಪರಿಶೀಲನೆಯಲ್ಲಿದೆ ಎಂದು ಹೇಳುತ್ತಾರೆ. ನಮ್ಮ ಶನಿವಾರದ ಕೂಟ ಈಗ ಲೆಸ್ಟರಿನ ಒಂದು ದೊಡ್ಡ ಸಭಾ ಭವನದಲ್ಲಿ. ಅಲ್ಲಿ ಊಟ ಹೊರಗಿನಿಂದ ಬರುತ್ತದೆ, ಪಾರ್ಕಿಂಗ್ ಚೆನ್ನಾಗಿದೆ. ಹಿಂದಿನ ದಿನವೇ ಅತ್ತೆ ನನ್ನನ್ನು ಕೇಳಬೇಕು, "ನಾಳೆ ನಿನಗ ಟೈಮ್ ಐತೇನವ್ವಾ?" ಐತ್ರಿ ಅತ್ತಿ ಎನ್ನುತ್ತೇನೆ. ಹಾಗೆ ಅನ್ನುವಾಗಲೆಲ್ಲ ನನಗೆ ಯಾರ ಮೇಲೋ ಸಿಟ್ಟು ಬರುತ್ತದೆ. ಫೋನು ಮಾಡಿದರೆ ಆ ಸಂಗೀತ ಕೇಳಬೇಕು.

ಹೊಸ ಕೌನ್ಸಿಲಿಗೆ ಮೊದಲ ಚುನಾವಣೆ ನಡೆಯಿತು. ಮತಗಟ್ಟೆ ಎದುರಿನ ಹಾಲಿನಲ್ಲೇ. ಬೆಳಿಗ್ಗೆ ನಾನೂ ಮಗಳೂ ಕೋಟು ಹಾಕಿಕೊಂಡು ಅತ್ತೆಯನ್ನು ಕರೆದೆವು. ಅವರು ತಮ್ಮ ಕೋಣೆಯಿಂದಲೇ, "ನೀವು ಹೋಗಿ ಬರ್ರಿ, ನನಗ ಮೊಣಕಾಲು ನೋವು" ಎಂದರು. ಹಾಲಿನ ಬಾಗಿಲ ಹತ್ತಿರ ಪಕ್ಕದ ಮನೆಯ ಮುದುಕಿ ಸಿಕ್ಕಳು. "ನಿಮ್ಮ ಅತ್ತೆ ಎಲ್ಲಿ? ನಾನೇ ಮೊದಲು ಅಂತ ಬಂದಿರ್ತಾಳೆ ಅಂದುಕೊಂಡಿದ್ದೆ" ಎಂದು ಕೇಳಿದಳು. ಮೊಣಕಾಲು ನೋವು ಎಂದು ಅವಳಿಗೆ ಹೇಳಿ ಒಳಗೆ ಹೋಗಿ ಓಟು ಹಾಕಿ ಬಂದೆವು.

ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಅತ್ತೆ ಒಗೆಯುವ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಮಹಡಿಯ ಮೆಟ್ಟಿಲು ಇಳಿದು ಬರುತ್ತಿದ್ದರು. ಪಕ್ಕದ ಕಂಬಿಯನ್ನೂ ಹಿಡಿದಿರಲಿಲ್ಲ. ನಮ್ಮನ್ನು ನೋಡಿ ನಡುವೆ ನಿಂತರು. ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ಹೇಗಾಯಿತು, ಯಾರು ನಿಂತಿದ್ದಾರೆ, ಜನ ಬಂದಿದ್ದರೇ, ಒಂದನ್ನೂ ಅವರು ಕೇಳಲಿಲ್ಲ. ಬುಟ್ಟಿ ಇಸಿದುಕೊಳ್ಳಲು ಕೈ ಚಾಚಿದೆ, ನನಗೆ ಅಳು ಬಂತು.